ವರ್ಗ ಸಂಖ್ಯೆ

ಜೂನ್ ಒಂದಕ್ಕೆ ಮಲ್ಪೆಯಲ್ಲಿ ಬೋಟುಗಳೆಲ್ಲ
ಹೆಗಲಿಗೆ ಹೆಗಲು ತಾಗಿಸಿ ನಿಂತವು.
ಮೂರಕ್ಕೆ, ಹನ್ನೊಂದು ಗಂಟೆಗೆ,
ಕೊಡೆಯನ್ನು ಹೊರಗೆ ಗೋಡೆಗೊರಗಿಸಿ
ದೂಮಣ್ಣ ಮೆಂಡನ್ ಒಳಗೆ ಬಂದರು. ತಾಂಡೇಲರು.
"ಮೇಡಂ, ಒಳ್ಳೆ ಬದುಕು ಅಂದರೆ ಯಾವುದು ಅಂತ
ಪುಸ್ತಕ ಉಂಟಾ?"

ಇಪ್ಪತ್ತೆರಡು ವರ್ಷ ಈ ಮೇಜಿನ ಹಿಂದೆ ಕೂತಿದ್ದೇನೆ.
ಪಂಚಾಂಗ ಕೇಳಿದವರಿದ್ದಾರೆ, ಪೊಲೀಸ್ ಪರೀಕ್ಷೆಯ ಗೈಡು,
ಸಕ್ಕರೆ ಕಾಯಿಲೆಗೆ ಪಥ್ಯ, ಫ್ಯಾನಿನ ಕೆಳಗೊಂದು ಕುರ್ಚಿ.
ಇದನ್ನು ಯಾರೂ ಕೇಳಿರಲಿಲ್ಲ.

ಬೋಟಿನಲ್ಲಿ ವಾದವಾಗಿತ್ತಂತೆ,
ಬಲೆ ಬಿಟ್ಟು ಕಾಯುವ ಒಂದು ರಾತ್ರಿ:
ನಾವು ಕಂಡವರಲ್ಲಿ ಚೆನ್ನಾಗಿ ಬದುಕಿದವರು ಯಾರು?
ಒಬ್ಬ ಸಾಹುಕಾರರ ಹೆಸರು ಹೇಳಿದ,
ಒಬ್ಬ ಡಾಕ್ಟರದು. ಇಂಜಿನ್ ನೋಡುವವ ತನ್ನದೇ ಹೇಳಿ
ಬೈಸಿಕೊಂಡ.
ಅಡುಗೆಯ ಶಾಬು, ಗಂಗೊಳ್ಳಿಯ ಹುಡುಗ, ಹೇಳಿದ್ದು
ತೀರಿಹೋದ ಚಿಕ್ಕಮ್ಮನನ್ನು.
ಯಾಕೆ ಎಂದರೆ,
"ಅವಳು ಉಣ್ಣುವುದು ನೋಡಿದರೆ
ಉಂಡವರಿಗೂ ಹಸಿವಾಗುತ್ತಿತ್ತು."
ಎಲ್ಲ ನಕ್ಕರು. ತಾಂಡೇಲರು ನಗಲಿಲ್ಲ.
"ಪುಸ್ತಕ ನೋಡಿ ಹೇಳ್ತೇನೆ" ಅಂದುಬಿಟ್ಟರು.
ದಡಕ್ಕೆ ಬಂದ ಮೇಲೂ ಮಾತು ಮಾತೇ.

ಕಾರ್ಡಿನ ಡ್ರಾಯರು ಎಳೆದೆ. ಒ.
ಒಂಟೆ, ಒಕ್ಕಲುತನ, ಒಗಟುಗಳು, ಒಡವೆ ಕೆಲಸ.
ಒಳ್ಳೆಯದು ಬರಬೇಕಾದಲ್ಲಿ
ಜಿರಳೆಯ ಒಂದು ಮೀಸೆ.

ಬದುಕನ್ನು ನಾವು ಹರಿದು ಹಂಚಿಟ್ಟದ್ದು
ಅಂದೇ ನನಗೂ ಗೊತ್ತಾದದ್ದು:
ನೀತಿ ೧೭೦, ಏಣಿ ಹತ್ತಬೇಕು.
ಆರೋಗ್ಯ ೬೧೩, ಕಿಟಕಿಯ ಪಕ್ಕ, ಒದ್ದೆ.
ದುಡ್ಡು ೩೩೨. ದೇವರಿಗೆ ಇಡೀ ಒಂದು ಗೋಡೆ.
ಅಡುಗೆ ೬೪೧, ಯಾವತ್ತೂ ಹೊರಗೇ ಇರುತ್ತದೆ,
ತಿರುಗಿ ಬಂದಾಗ ಪುಟದ ಮೂಲೆಯಲ್ಲಿ ಅರಸಿನದ ಬೆರಳು.

ಅವರು ಏಣಿಯಿಂದಲೇ ಶುರುಮಾಡಿದರು.
ಡೀಸೆಲ್ ಲೆಕ್ಕದ ಪುಸ್ತಕವನ್ನು ತಿರುವಿ ಹಾಕಿ
ಹಿಂದಿನಿಂದ ಟಿಪ್ಪಣಿ.
ಒಂದೊಂದು ಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸಿ,
ಬಲೆಯ ಕಣ್ಣು ಎಲ್ಲಿ ಹರಿದಿದೆ ಎಂದು ತಡವುವ ಹಾಗೆ.
"ಇವರು ಆಸೆ ಬಿಡು ಅಂತಾರೆ. ಬರೆದು ಮಾರಿದ್ದಾರೆ, ಎಂಬತ್ತು ರೂಪಾಯಿ."
"ಇವರು ಬೆಳಗ್ಗೆ ನಾಲ್ಕಕ್ಕೆ ಏಳಬೇಕು ಅಂತಾರೆ.
ನಾವು ಮಲಗುವುದೇ ಆಗ ಮಾರ್ರೆ."
ಒಂದು ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ: ಸುಳ್ಳು.
ಕೆಳಗೆ ಬೇರೆ ಕೈ, ನೀಲಿ ಶಾಯಿ:
ನಿಮಗೆ ಇನ್ನೂ ಮದುವೆಯಾಗಿಲ್ಲ ಅಂತ ಕಾಣುತ್ತದೆ.
ದೂಮಣ್ಣ ಅವೆರಡನ್ನೂ ಬರೆದುಕೊಂಡರು,
ಪುಟ ಸಂಖ್ಯೆ ಸಮೇತ.

ಜುಲೈ. ಸೋರುವಲ್ಲಿ ಬಾಲ್ದಿ ಇಟ್ಟೆ,
ಜೀವನಚರಿತ್ರೆಗಳನ್ನು ಈಚೆ ಸರಿಸಿದೆ.
ದೊಡ್ಡವರ ಬದುಕುಗಳು ಅವರ ಕೈಗೆ ಸಿಕ್ಕಿದ್ದು ಹಾಗೆ.
"ಮೇಡಂ, ಇಷ್ಟು ದಪ್ಪ ಪುಸ್ತಕ.
ಈ ಪುಣ್ಯಾತ್ಮ ಒಂದು ಸಲವಾದರೂ
ಊಟಕ್ಕೆ ಕೂತದ್ದು ಇಲ್ಲ."
ನಾನು ಆ ಹೊತ್ತು ಮಡಿಲಲ್ಲಿ ಡಬ್ಬಿ ಬಿಚ್ಚಿಟ್ಟು
ಒಂದು ಕೈಯಲ್ಲಿ ರಿಜಿಸ್ಟರು ತುಂಬುತ್ತಿದ್ದೆ.
ಮುಚ್ಚಳ ಹಾಕಿದೆ. ಯಾಕೋ.

ಅರುವತ್ತೊಂದನೆಯ ದಿನ, ಸಂಜೆ,
ಕೊನೆಯ ಪುಸ್ತಕ ಮೇಜಿನ ಮೇಲಿಟ್ಟರು.
ಮೂರು ದಿನ ತಡ, ಮೂರು ರೂಪಾಯಿ ದಂಡ,
ರಶೀದಿ ಕೇಳಿ ಪಡೆದರು.
"ಸಿಕ್ಕಿತಾ?" ಅಂದೆ.
"ಗಾಳಿ ನೋಡಬೇಕು" ಎಂದು
ಕೊಡೆ ಎತ್ತಿಕೊಂಡು ಹೋದರು.

ಪುಸ್ತಕದೊಳಗೆ ಡೀಸೆಲ್ ಬಂಕಿನ ಚೀಟಿ:
ಇಲ್ಲಿಯವರೆಗೆ ನೋಡಿದ್ದೇನೆ.
ಶಾಬುವಿನ ಚಿಕ್ಕಮ್ಮನ ವಿಷಯ ಇಲ್ಲ.
ಮುಂದೆ ಎಲ್ಲಾದರೂ ಬಂದರೆ ತಿಳಿಸುವುದು.
ಕೆಳಗೆ ಬೋಟಿನ ನಂಬರು, ಫೋನಿನದಲ್ಲ.

ಖಾಲಿ ಕಾರ್ಡೊಂದು ತೆಗೆದು ಬರೆದೆ.
ಶೀರ್ಷಿಕೆ: ಚಿಕ್ಕಮ್ಮ, ಗಂಗೊಳ್ಳಿ.
ಪ್ರತಿಗಳು: ಒಂದು.
ಎಲ್ಲಿದೆ: ಅಡುಗೆಯವನನ್ನು ಕೇಳಿ.
ವರ್ಗ ಸಂಖ್ಯೆಯ ಜಾಗ ಹಾಗೇ ಬಿಟ್ಟು
ಒ ಡ್ರಾಯರಿನಲ್ಲಿ, ಒಡವೆಯ ಹಿಂದೆ ಸಿಕ್ಕಿಸಿದೆ.

ಮಾರ್ಚಿನಲ್ಲಿ ಸ್ಟಾಕು ಪರಿಶೀಲನೆಗೆ ಬರುತ್ತಾರೆ.
ಕೇಳಿದರೆ ಆಗ ನೋಡುವ.